ಲಫ್‌ಬರೋದಿಂದ ಅಪ್ಪನವರಿಗೆ

ಲಫ್‌ಬರೋ, ಇಂಗ್ಲೆಂಡ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ; ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯುತ್ತಿರಿ.

ಪಿ.ಟಿ. ಮೇಷ್ಟ್ರಾಗಲು ಇಂಗ್ಲೆಂಡಿನವರೆಗೆ ಹೋಗಬೇಕಿತ್ತೇ ಎಂದು ಮಾವ ಕೇಳಿದರಂತೆ. ಫೋನಿನಲ್ಲಿ ಉತ್ತರಿಸಿದರೆ ಜಗಳವಾದೀತೆಂದು ಬರೆಯುತ್ತಿದ್ದೇನೆ. 1980 ಮತ್ತು 1984ರ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದ ಸೆಬಾಸ್ಟಿಯನ್ ಕೋ ಇದೇ ವಿಶ್ವವಿದ್ಯಾಲಯದವರು. ಆದರೆ ಅವರು ಓದಿದ್ದು ಅರ್ಥಶಾಸ್ತ್ರವಾದ್ದರಿಂದ ನಮ್ಮ ವಿಭಾಗ ಆ ಕೀರ್ತಿಯಲ್ಲಿ ಪಾಲು ಕೇಳುವಂತಿಲ್ಲ.

ಕ್ರೀಡೆ ಮತ್ತು ವ್ಯಾಯಾಮ ವಿಜ್ಞಾನದಲ್ಲಿ ನಾವು ಕಲಿಯುವುದು ದುಡಿಯುವ ದೇಹದೊಳಗೆ ನಡೆಯುವುದನ್ನು ಅಳೆಯುವ ಬಗೆಯನ್ನು. ಕಳೆದ ವಾರ ಸಹಪಾಠಿಯೊಬ್ಬನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವನು ಬಿಟ್ಟ ಉಸಿರನ್ನು ಡಗ್ಲಸ್ ಚೀಲವೆಂಬ ದೊಡ್ಡ ಚೀಲದಲ್ಲಿ ಹಿಡಿದು, ಅವನ ದೇಹ ಎಷ್ಟು ಆಮ್ಲಜನಕ ಬಳಸಿತೆಂದು ಲೆಕ್ಕ ಹಾಕಿದೆವು. ಬಾಯಲ್ಲಿ ಕೊಳವೆ ಇರುವಾಗ ಮಾತಾಡಲಾಗದು; ಆಯಾಸ ಎಷ್ಟೆಂಬುದನ್ನು ಎದುರಿನ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಬೇಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಆ ಪಟ್ಟಿ 6ರಿಂದ 20ರವರೆಗೆ ಇದೆ. ಅಂಕಿಯನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕರ ನಾಡಿಬಡಿತ ಸರಿಸುಮಾರು ಸಿಗಲಿ ಎಂಬುದು ಅದರ ಹಿಂದಿನ ಲೆಕ್ಕ. ನಮ್ಮವನು 19ನ್ನು ಮುಟ್ಟಿದಾಗ ಯಂತ್ರ 191 ತೋರಿಸುತ್ತಿತ್ತು.

ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಈ ಶಾಸ್ತ್ರದ ಬುನಾದಿಯಲ್ಲಿರುವ ಅಧ್ಯಯನವೊಂದು ನಿಮ್ಮ ಕಸುಬಿನವರ ಮೇಲೆಯೇ ನಡೆದದ್ದು. ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ 1953ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರ್‌ಗಳಿಗಿಂತ ಕೂತೇ ಇರುತ್ತಿದ್ದ ಡ್ರೈವರ್‌ಗಳಲ್ಲಿ ಹೃದಯದ ಕಾಯಿಲೆ ಹೆಚ್ಚು. ದಪ್ಪಗಿರುವವರೇ ಡ್ರೈವರ್ ಕೆಲಸ ಆರಿಸಿಕೊಳ್ಳುತ್ತಿದ್ದರೇನೋ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಆ ಸಂಶಯ ಮಾರಿಸ್ ಅವರಿಗೂ ಇದ್ದುದರಿಂದ ಅವರು ಸಮವಸ್ತ್ರದ ದಾಖಲೆ ತರಿಸಿ ಪ್ಯಾಂಟಿನ ಅಳತೆ ನೋಡಿದರು. ಡ್ರೈವರ್‌ಗಳ ಸೊಂಟ ನಿಜಕ್ಕೂ ದಪ್ಪವಿತ್ತು, ಕೆಲಸಕ್ಕೆ ಸೇರುವಾಗಲೇ ದಪ್ಪವಿತ್ತು. ತಮ್ಮ ವಾದಕ್ಕೆ ತೊಡಕಾಗುವ ಆ ಸಂಗತಿಯನ್ನು ಬಚ್ಚಿಡದೆ 1956ರಲ್ಲಿ ಅವರೇ ಪ್ರಕಟಿಸಿದ್ದನ್ನು ಓದಿದಾಗ ಈ ವಿಷಯದ ಮೇಲೆ ನನಗೆ ಗೌರವ ಹೆಚ್ಚಿತು. ಮುಂದಿನ ಸಂಶೋಧನೆಗಳು ವ್ಯಾಯಾಮದ ಪರವಾಗಿಯೇ ನಿಂತವು. ಮಾರಿಸ್ 99 ವರ್ಷ ಬದುಕಿದ್ದರು.

ನಿಮ್ಮ ಶುಗರಿನ ವಿಚಾರ: ದುಡಿಯುತ್ತಿರುವ ಸ್ನಾಯು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿಯೂ, ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ ಎಂದು ನಾನು ಪೀಡಿಸುತ್ತಿರುವುದು ಅದಕ್ಕೇ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಕಡಿಮೆ ಮಾಡಬೇಡಿ.

ಮುಂದಿನ ಕಾಗದದಲ್ಲಿ, ಅರಸೀಕೆರೆ ಡಿಪೋದಲ್ಲಿ ನಿಮಗೆ ಕೊಟ್ಟ ಮೊದಲ ಖಾಕಿ ಪ್ಯಾಂಟಿನ ಸೊಂಟದ ಅಳತೆ ಎಷ್ಟಿತ್ತು, ಈಗಿನದೆಷ್ಟು ಎಂದು ತಿಳಿಸಿ. ಅಮ್ಮನನ್ನು ಕೇಳಿಯೇ ಬರೆಯಿರಿ, ನಿಮ್ಮ ಲೆಕ್ಕವನ್ನು ನಾನು ನಂಬುವುದಿಲ್ಲ.

ಇತಿ ನಿಮ್ಮ ಪ್ರೀತಿಯ ಮಗಳು