ಒಳಗೆ ಯಾರೂ ಇಲ್ಲ ಅಂತ ಬರೆದಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ಪ್ರಾರ್ಥನೆಗೆ ಕೂತರೆ ತಲೆ ತುಂಬಾ ಗದ್ದಲ, ಒಳಗೆ ದೇವರಿದ್ದಾರೆ ಅಂತ ಅನ್ನಿಸುವುದೇ ಇಲ್ಲ ಅಂತ ಬರೆದಿದ್ದೆ. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಈ ಪತ್ರ. ಇದೇ ಕಷ್ಟ ಇರುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರೆದುರೇ ಹಾಕುತ್ತಿದ್ದೇನೆ, ಬೇಜಾರಿಲ್ಲ ಅಲ್ವಾ?

ಅವಿಲಾದ ಸಂತ ತೆರೇಸಾ ಗೊತ್ತಲ್ಲ, ಸ್ಪೇನಿನ ಕಾರ್ಮೆಲ್ ಮಠದವರು, ಅಂದರೆ ಪ್ರಾರ್ಥನೆಗೇ ಬದುಕು ಮುಡಿಪಿಟ್ಟ ಕಥೋಲಿಕ ಸನ್ಯಾಸಿನಿಯರ ಮಠ. 1577ರಲ್ಲಿ, ಅರವತ್ತು ದಾಟಿದ ಮೇಲೆ, ಮೈಯಲ್ಲಿ ಹುಷಾರಿಲ್ಲದಿದ್ದರೂ ಹಿರಿಯರ ಮಾತಿಗೆ ಕಟ್ಟುಬಿದ್ದು ಪ್ರಾರ್ಥನೆಯ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ನಮ್ಮ ಆತ್ಮ ಒಂದು ಸ್ಫಟಿಕದ ಕೋಟೆ. ಒಂದರೊಳಗೊಂದು ಏಳು ನಿವಾಸಗಳು, ಒಂದೊಂದರಲ್ಲೂ ಎಷ್ಟೋ ಕೋಣೆಗಳು, ನಟ್ಟನಡುವೆ ರಾಜ. ಬಾಗಿಲು ಅಂದರೆ ಪ್ರಾರ್ಥನೆ. ಅಂದರೆ ದೇವರನ್ನು ಎಲ್ಲಿಂದಲೋ ಕರೆದು ತರುವ ಕೆಲಸ ನಮಗಿಲ್ಲ. ಅವರು ಒಳಗೇ ಇದ್ದಾರೆ, ಹೊರಗಿನ ಅಂಗಳದಲ್ಲಿ ಸುತ್ತು ಹಾಕುತ್ತಿರುವವರು ನಾವು.

ಈಗ ನಿನ್ನ ಗದ್ದಲಕ್ಕೆ ಬರೋಣ. ನಾಲ್ಕನೆಯ ನಿವಾಸದ ಬಗ್ಗೆ ಬರೆಯುವಾಗ ತೆರೇಸಾರ ತಲೆಯಲ್ಲೇ ವಿಪರೀತ ಸದ್ದು. ತುಂಬಿದ ನದಿಗಳು ಭೋರ್ಗರೆದ ಹಾಗೆ, ಜೊತೆಗೆ ಹಕ್ಕಿಗಳ ಹಿಂಡು ಸಿಳ್ಳೆ ಹಾಕಿದ ಹಾಗೆ, ಅದೂ ಕಿವಿಯಲ್ಲಲ್ಲ, ನೆತ್ತಿಯ ಹತ್ತಿರ ಅಂತ ಅವರೇ ಬರೆದುಕೊಂಡಿದ್ದಾರೆ. ಪ್ರಾರ್ಥನೆಯ ಗುರು ಅಂತ ಇಡೀ ಧರ್ಮಸಭೆ ಒಪ್ಪಿಕೊಂಡವರ ಪಾಡು ಇದು! ಆದರೂ ತನ್ನ ಪ್ರಾರ್ಥನೆಗೆ ಅದು ಅಡ್ಡಿಯಾಗಲಿಲ್ಲ ಅನ್ನುತ್ತಾರೆ. ಯೋಚನೆಗಳು ಕೋಟೆಯ ಹೊರಗೆ ವಿಷಜಂತುಗಳ ನಡುವೆ ಒದ್ದಾಡುತ್ತಿರುವಾಗಲೇ ಆತ್ಮ ಒಳಗಿನ ಕೋಣೆಯಲ್ಲಿ ದೇವರ ಬಳಿ ಇರಬಹುದು. ಗಿರಣಿ ಸದ್ದು ಮಾಡಿದರೆ ಮಾಡಲಿ, ನಾವು ಹಿಟ್ಟು ಬೀಸುತ್ತಾ ಇರೋಣ ಅಂತ ಅವರ ಸಲಹೆ. ನಿನಗೆ ನಾನು ಹೇಳಬೇಕಾದ್ದು ಅಷ್ಟೂ ಇದರಲ್ಲಿದೆ. ತಲೆ ಗಲಾಟೆ ಮಾಡುತ್ತಿದೆ ಅಂದ ಮಾತ್ರಕ್ಕೆ ಮನೆ ಖಾಲಿ ಅಂತಲ್ಲ ಮಾರಾಯಾ.

ನಾನೇನು ಅಂಥ ಪುಣ್ಯವಂತನಾ ಅಂತಲೂ ಕೇಳಿದ್ದೆ. ನೀವು ದೇವರ ಆಲಯ, ಪವಿತ್ರಾತ್ಮ ನಿಮ್ಮಲ್ಲಿ ವಾಸವಾಗಿದ್ದಾರೆ ಅಂತ ಸಂತ ಪೌಲ ಬರೆದಿದ್ದು ಯಾರಿಗೆ ಹೇಳು? ಕೊರಿಂಥ ಊರಿನ ಕ್ರೈಸ್ತರಿಗೆ. ನಾನು ಪೌಲನ ಕಡೆ, ನಾನು ಇನ್ನೊಬ್ಬ ಬೋಧಕ ಅಪೊಲ್ಲೋಸನ ಕಡೆ ಅಂತ ಗುಂಪು ಕಟ್ಟಿಕೊಂಡು ಜಗಳವಾಡುತ್ತಿದ್ದವರಿಗೆ! ಬೈಯುತ್ತಲೇ ಆ ಮಾತು ಹೇಳುತ್ತಾರೆ. ಹಾಗಂತ ಪಾಪ ಏನೂ ಮಾಡುವುದಿಲ್ಲ ಅಂತ ತಿಳಿಯಬೇಡ. ಸೂರ್ಯನ ಬೆಳಕಿನಲ್ಲಿರುವ ಸ್ಫಟಿಕಕ್ಕೆ ದಪ್ಪ ಕಪ್ಪು ಬಟ್ಟೆ ಹೊದಿಸಿದರೆ ಸೂರ್ಯ ಅಲ್ಲೇ ಇರುತ್ತಾನೆ, ಸ್ಫಟಿಕ ಮಾತ್ರ ಹೊಳೆಯುವುದಿಲ್ಲ ಅನ್ನುತ್ತಾರೆ ತೆರೇಸಾ. ದೊಡ್ಡ ಪಾಪ ಕೃಪೆಯ ಬದುಕನ್ನೇ ಕೆಡಿಸುತ್ತದೆ. ಆ ಬಟ್ಟೆ ತೆಗೆಯೋದಕ್ಕೇ ಪಾಪನಿವೇದನೆ, ಅಂದರೆ ಫಾದರ್ ಎದುರು ಪಾಪ ಒಪ್ಪಿಕೊಂಡು ಕ್ಷಮೆ ಪಡೆಯೋದು, ಇರೋದು. ನೀನು ಅದನ್ನು ಮುಂದಕ್ಕೆ ಹಾಕುತ್ತಾ ಬಂದಿದ್ದೀಯ, ಗೊತ್ತು.

ಇನ್ನೊಬ್ಬರ ಬಗ್ಗೆ ಹೇಳದೆ ಇರಲಾರೆ. ಫ್ರಾನ್ಸಿನ ದಿಜಾನ್ ಊರಿನ ಎಲಿಜಬೆತ್, ಅವರೂ ಕಾರ್ಮೆಲ್ ಮಠ ಸೇರಿದವರು. ಸ್ವರ್ಗ ಅಂದರೆ ದೇವರು, ದೇವರು ನನ್ನ ಆತ್ಮದಲ್ಲಿದ್ದಾರೆ, ಹಾಗಾಗಿ ಭೂಮಿಯ ಮೇಲೇ ನನಗೆ ಸ್ವರ್ಗ ಸಿಕ್ಕಿತು ಅಂತ ಪತ್ರ ಬರೆದರು. ಅದೂ ಸಿಸ್ಟರ್‌ಗಳಿಗಲ್ಲ, ಸಂಸಾರವಂದಿಗರಾದ ಪರಿಚಯದವರಿಗೆ. 1906ರಲ್ಲಿ, ಬರೀ 26ನೇ ವಯಸ್ಸಿಗೆ ಕಾಯಿಲೆಯಿಂದ ತೀರಿಕೊಂಡರು. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅಷ್ಟು ನೋವಿನಲ್ಲೂ ಒಳಗಿರುವವರ ಜೊತೆಗಿನ ಮಾತು ನಿಲ್ಲಿಸಲಿಲ್ಲವಲ್ಲ, ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. (ತೆರೇಸಾರ ಈ ದಾರಿ ನಮ್ಮ ಕಡೆಗೂ ಬಂದಿದೆ. ಫ್ರಾನ್ಸಿನ ಪೋ ಊರಿನ ಕಾರ್ಮೆಲಿನವರು 1870ರಲ್ಲೇ ಮಂಗಳೂರಿಗೆ ಬಂದು ಮಠ ಕಟ್ಟಿದರು.)

ಇವತ್ತು ರಾತ್ರಿ ಐದು ನಿಮಿಷ ಸುಮ್ನೆ ಕೂತು ನೋಡು. ಗದ್ದಲ ಬರುತ್ತದೆ, ಬರಲಿ, ಅದರ ಜೊತೆ ಜಗಳಕ್ಕೆ ಹೋಗಬೇಡ. ಯೇಸು ಕಲಿಸಿದ ಪರಲೋಕ ಜಪ ನಿಧಾನಕ್ಕೆ ಹೇಳು, ದೂರದಲ್ಲಿರುವವರನ್ನು ಕೂಗುವ ಹಾಗಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ. ಶನಿವಾರ ಸಂಜೆ ಫಾದರ್ ಪಾಪನಿವೇದನೆಗೆ ಕೂರುತ್ತಾರೆ. ನಾನೂ ಹೋಗಬೇಕು, ಬರುತ್ತೀಯಾದರೆ ತಿಳಿಸು, ಜೊತೆಗೇ ಹೋಗೋಣ.

ನಿನ್ನ ಗೆಳೆಯ