ಮಿಡತೆ, ನಾಡಿ, ಮಾವಿನ ಮಿಡಿ

ನಮ್ಮ ಸಂಘದ ಆಹ್ವಾನ ಪತ್ರಿಕೆಗಳಲ್ಲಿ ‘ಕನ್ನಡಕ್ಕಾಗಿ ಮಿಡಿಯುವ ಹೃದಯಗಳೇ’ ಎಂಬ ಸಾಲು ತಪ್ಪದೆ ಬರುತ್ತದೆ. ಒಳ್ಳೆಯ ಸಾಲೇ. ಆದರೆ ಮಿಡಿಯುವುದು ಹೃದಯ ಮಾತ್ರ ಅಂತ ಊರಿಂದ ದೂರ ಇಲ್ಲಿ ಬೆಳೆಯುವ ನಮ್ಮ ಮಕ್ಕಳು ತಿಳಿದರೆ ಅವರಿಗೆ ನಷ್ಟ ಜಾಸ್ತಿ.

ಮಿಡಿಯುವುದು ಬೆರಳಿನ ಕೆಲಸವೂ ಹೌದು. ನಡುಬೆರಳನ್ನು ಹೆಬ್ಬೆರಳಿಗೆ ಸಿಕ್ಕಿಸಿ ಥಟ್ಟನೆ ಬಿಡುತ್ತೇವಲ್ಲ, ಅದು. ತೋಳಿನ ಮೇಲೆ ಹತ್ತಿದ ಇರುವೆಯನ್ನು ಹಾಗೆ ಮಿಡಿಯಬಹುದು. ಬಿಲ್ಲಿನ ಹೆದೆಯನ್ನು ಎಳೆದು ಬಿಟ್ಟರೂ ಮಿಡಿಯುವುದೇ. ತಂಬೂರಿಯ ತಂತಿಗೂ ಇದೇ ಮಾತು. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಆ ಚಿಮ್ಮುವಿಕೆ ಒಳಗಿನಿಂದ ತಾಗುತ್ತದೆ, ಅದು ನಾಡಿಮಿಡಿತ. ಕಂಬನಿ ಮಿಡಿಯುವುದು ನನಗೆ ಎಲ್ಲಕ್ಕಿಂತ ಇಷ್ಟ. ಗೊಳೋ ಎಂದು ಅಳುವವರಿಗೆ ಆ ಮಾತು ಹೊಂದುವುದೇ ಇಲ್ಲ.

ಮಿಡತೆಯ ಹೆಸರಲ್ಲೂ ಈ ನೆಗೆತ ಕೇಳಿಸುತ್ತದೆ. ಹಿಂಗಾಲು ಮಡಚಿ, ಬಲ ಕೂಡಿಟ್ಟು, ಒಮ್ಮೆಲೇ ಹಾರುವ ಹುಳ ಅದು. 2020ರಲ್ಲಿ ಉತ್ತರ ಭಾರತಕ್ಕೆ ಮರುಭೂಮಿ ಮಿಡತೆಯ ಹಿಂಡು ನುಗ್ಗಿತ್ತು. ಅದೇ ಹೊತ್ತಿಗೆ ಕೋಲಾರದ ಹತ್ತಿರ ಎಕ್ಕದ ಗಿಡಗಳ ಮೇಲೆ ಮಿಡತೆ ಮುತ್ತಿದ್ದು ಕಂಡು ರೈತರು ಗಾಬರಿಯಾದರು. ಪುಣ್ಯಕ್ಕೆ, ಅದು ಎಕ್ಕದ ಎಲೆ ಮೇಯುವ ಬೇರೆ ಜಾತಿ. ತೆಲುಗಿನಲ್ಲೂ ಅದರ ಹೆಸರು ಮಿಡತ. ಎರಡೂ ಭಾಷೆ ಆಡುವ ಆ ಸೀಮೆಯಲ್ಲಿ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಾವಿನ ಮಿಡಿ ಬೇರೆ. ಅಲ್ಲಿ ಉಲಿ ಒಂದೇ, ಅರ್ಥ ಎಳೆಗಾಯಿ. ಹೀಚು, ಮಿಡಿ, ಕಾಯಿ, ದೋರುಗಾಯಿ, ಹಣ್ಣು ಎಂದು ಹಂತಕ್ಕೊಂದು ಹೆಸರಿಟ್ಟ ಭಾಷೆ ನಮ್ಮದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಎಳೆಗಾಯಿಗೆ ತೆಲುಗಿನ ‘ಪಿಂದೆ’ ಎಂಬ ಮಾತೂ ಬಳಕೆಯಲ್ಲಿದೆ. ಆಲಿಕಲ್ಲು ಮಳೆ ಬಿದ್ದು ಮಿಡಿ ಉದುರಿದರೆ ತೋಟದವರ ಒಂದು ವರ್ಷವೇ ಹೋದಂತೆ.

ನಮ್ಮ ಕನ್ನಡ ಶಾಲೆಯ ಶಿಕ್ಷಕರಲ್ಲಿ ಒಂದು ಕೋರಿಕೆ. ಪದದ ಎದುರು ಸುಮ್ನೆ ಒಂದು ಅರ್ಥ ಬರೆಸಿ ಮುಂದೆ ಹೋಗಬೇಡಿ. ಮಕ್ಕಳು ರಬ್ಬರ್ ಬ್ಯಾಂಡ್ ಮಿಡಿಯಲಿ, ಒಬ್ಬರ ನಾಡಿ ಒಬ್ಬರು ಹಿಡಿದು ನೋಡಲಿ. ಕೋಲಾರ, ಮುಳಬಾಗಿಲು, ಮಾಲೂರು ಕಡೆಯಿಂದ ಬಂದವರೇ, ಗೋಲಿಯನ್ನು ಬೆರಳಲ್ಲಿ ಚಿಮ್ಮುವುದಕ್ಕೆ ನಿಮ್ಮೂರಲ್ಲಿ ಏನೆನ್ನುತ್ತಿದ್ದಿರಿ? ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟವನ್ನು ಅದಕ್ಕೆಂದೇ ಇಡುತ್ತೇವೆ.