ಟೆಂಟ್ ಕಿಟ್‌ನಲ್ಲಿ ಇನ್ನು ವೈಫೈ ರೂಟರ್ ಇರುವುದಿಲ್ಲ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಬಾಡಿಗೆ ಟೆಂಟ್ ಕಿಟ್ ಜೊತೆ ವೈಫೈ ರೂಟರ್ ಬರುವುದಿಲ್ಲ. ಅದರ ಬದಲು ಬ್ಯಾಟರಿ ಪೆಟ್ಟಿಗೆ, ಒಂದು ಚಿಕ್ಕ ಟಿವಿ, ಫೋನಿನ ಚಿತ್ರವನ್ನು ಟಿವಿಗೆ ಕಳಿಸುವ ಎಚ್‌ಡಿಎಂಐ ಕೇಬಲ್ ಕೊಡುತ್ತೇವೆ. ಬಾಡಿಗೆ ಮೊದಲಿನಷ್ಟೇ. "ಕಾಡಲ್ಲಿ ಸಂಜೆ ಸಿನಿಮಾ ನೋಡೋದು ಹೇಗೆ?" ಅಂತ ಈಗಾಗಲೇ ಹಲವರು ಕೇಳಿದ್ದೀರಿ. ಅದಕ್ಕೇ ಈ ಪತ್ರ.

ರೂಟರ್ ಸಿಗ್ನಲ್ ಹುಟ್ಟಿಸುವುದಿಲ್ಲ. ಟವರ್‌ನಿಂದ ಬಂದದ್ದನ್ನು ಹಂಚುತ್ತದೆ, ಅಷ್ಟೇ. ಗುಡ್ಡದ ಮರೆಯಲ್ಲಿ ಬರುವುದೇ ಒಂದು ಕಡ್ಡಿ. ಕತ್ತಲಾದ ಮೇಲೆ ಅಕ್ಕಪಕ್ಕದ ಟೆಂಟ್‌ನವರೆಲ್ಲ ಅದೇ ಟವರ್‌ಗೆ ಜೋತುಬೀಳುತ್ತಾರೆ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಒಳ್ಳೆಯ ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿ ತನಕ ಡೇಟಾ ಬೇಕು. ಎರಡು ಗಂಟೆಯ ಸಿನಿಮಾಕ್ಕೆ 6 ಜಿಬಿ! ತೀರಾ ಕಡಿಮೆ ಗುಣಮಟ್ಟಕ್ಕೆ ಇಳಿಸಿದರೆ ಗಂಟೆಗೆ 0.3 ಜಿಬಿ ಸಾಕು. ಆದರೆ ಸಿಗ್ನಲ್ ಬಂದು ಹೋಗಿ ಮಾಡುವ ಕಡೆ ಅದೂ ನಿಂತು ನಿಂತು ಓಡುತ್ತದೆ.

ಇದನ್ನು ನಾವೇ ಕಣ್ಣಾರೆ ಕಂಡೆವು. ಹೊಸ ಟೆಂಟ್ ನೋಡೋಣ ಅಂತ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆವು. ಹೊರಗೆ ಮಳೆ. ರೂಟರನ್ನು ಟೆಂಟ್ ಕೋಲಿನ ತುದಿಗೆ ಹಗ್ಗದಲ್ಲಿ ಕಟ್ಟಿದೆವು. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಅರ್ಧ ನಿಮಿಷ ಚಿತ್ರ ಓಡುವುದು, ಮತ್ತೆ ಚಕ್ರ. ಕೊನೆಗೆ ಪುಟ್ಟ ಹುಡುಗಿ ಏನೂ ಹೇಳದೆ ಫೋನನ್ನು ಬೋರಲು ಹಾಕಿ ಮಲಗಿಬಿಟ್ಟಳು. ನಾವು ಬಾಡಿಗೆಗೆ ಕೊಡುತ್ತಿದ್ದುದು ಇದನ್ನೇ ಅಲ್ವಾ ಅನ್ನಿಸಿ ತುಂಬಾ ಬೇಸರವಾಯಿತು. ಹೀಗೆ ಬೇಸರ ಪಟ್ಟ ಎಲ್ಲರಲ್ಲೂ ಕ್ಷಮೆ ಕೇಳುತ್ತೇವೆ.

ಹಾಗಾಗಿ ಇನ್ನು ಮುಂದೆ ಸಿನಿಮಾ ನಿಮ್ಮ ಮನೆಯಿಂದಲೇ ಬರಲಿ. ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ಚಿಕ್ಕ ಪರದೆಗೆ ಸ್ಟ್ಯಾಂಡರ್ಡ್ ಗುಣಮಟ್ಟ ಧಾರಾಳ ಸಾಕು, ಜಾಗವೂ ಉಳಿಯುತ್ತದೆ. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆಫ್ ಇದೆಯಾ ನೋಡಿ, ಒಂದೊಂದನ್ನೂ ತೆರೆದು ಪರೀಕ್ಷಿಸಿ. ಈ ಪರೀಕ್ಷೆಯನ್ನು ಹೊರಡುವ ದಿನವೇ ಮಾಡಿ, ವಾರ ಮುಂಚೆ ಬೇಡ. ಕೆಲವು ಚಿತ್ರಗಳ ಡೌನ್‌ಲೋಡ್ ಮೊದಲ ಸಲ ಪ್ಲೇ ಒತ್ತಿದ 48 ಗಂಟೆಗೆ ಮುಗಿದುಹೋಗುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ಇಂಟರ್ನೆಟ್ಟೇ ಬೇಕು. ಎರಡು ರಾತ್ರಿ ಉಳಿಯುವವರು ಎರಡನೇ ರಾತ್ರಿಯ ಸಿನಿಮಾವನ್ನು ಮಾತ್ರ ಈ ಪರೀಕ್ಷೆಯಲ್ಲೂ ಮುಟ್ಟದೇ ಇಡುವುದು ಒಳ್ಳೆಯದು.

ಕೇಬಲ್ ವಿಷಯ ಸ್ವಲ್ಪ ಗಮನಿಸಿ. ಟೈಪ್‌-ಸಿ ಇರುವ ಎಲ್ಲಾ ಫೋನ್‌ಗಳೂ ಟಿವಿಗೆ ಚಿತ್ರ ಕಳಿಸುವುದಿಲ್ಲ. ಕೆಲವು ಆ್ಯಪ್‌ಗಳು ಡೌನ್‌ಲೋಡ್ ಮಾಡಿದ್ದನ್ನು ಬೇರೆ ಪರದೆಗೆ ಬಿಡುವುದೇ ಇಲ್ಲ. ಕಿಟ್ ಒಯ್ಯಲು ಬಂದಾಗ ನಮ್ಮ ಅಂಗಡಿಯಲ್ಲೇ ಸಿಕ್ಕಿಸಿ ನೋಡಿ. ಐದು ನಿಮಿಷದ ಕೆಲಸ. ಆಗಲಿಲ್ಲ ಅಂದರೆ ಮನೆಯಲ್ಲಿರುವ ಹಳೆಯ ಡಿವಿಡಿಗಳನ್ನು ತನ್ನಿ, ಪ್ಲೇಯರ್ ನಾವು ಕೊಡುತ್ತೇವೆ. ಡಿವಿಡಿಗೆ ನೆಟ್ ಬೇಡ, ಪಾಸ್‌ವರ್ಡೂ ಬೇಡ.

"ನೀವೇ ಪೆನ್‌ಡ್ರೈವ್‌ಗೆ ಸಿನಿಮಾ ತುಂಬಿಸಿ ಕೊಡಿ" ಅಂದವರಿದ್ದಾರೆ. ದಯವಿಟ್ಟು ಬೇಸರಿಸಬೇಡಿ, ಅದು ನಮ್ಮಿಂದ ಆಗದು. ಒಟಿಟಿಯ ಡೌನ್‌ಲೋಡ್ ಅದೇ ಆ್ಯಪ್ ಒಳಗೆ ಮಾತ್ರ ಓಡುತ್ತದೆ. ಬೇರೆ ದಾರಿಯಲ್ಲಿ ಸಿಗುವುದನ್ನು ತುಂಬಿಸಿ ಬಾಡಿಗೆಗೆ ಕೊಡುವುದು ಸಿನಿಮಾ ಮಾಡಿದವರ ಹೊಟ್ಟೆಯ ಮೇಲೆ ಹೊಡೆದಂತೆ.

ಬ್ಯಾಟರಿ ಪೆಟ್ಟಿಗೆ 300 ವ್ಯಾಟ್‌ಅವರ್‌ನದು, ಟಿವಿ ಸುಮಾರು 25 ವ್ಯಾಟ್ ಎಳೆಯುತ್ತದೆ. ಲೆಕ್ಕಕ್ಕೆ 12 ಗಂಟೆ. ಪೋಲಾಗುವುದನ್ನು ಕಳೆದು 9 ಗಂಟೆ ಅಂತ ಇಟ್ಟುಕೊಳ್ಳಿ. ಚಳಿಯಲ್ಲಿ ಇನ್ನೂ ಕಡಿಮೆ, ಆದ್ದರಿಂದ ರಾತ್ರಿ ಪೆಟ್ಟಿಗೆಯನ್ನು ಟೆಂಟ್ ಒಳಗೇ ಇಡಿ. ಸಿಗ್ನಲ್ ಹುಡುಕಿ ಹುಡುಕಿ ಫೋನ್ ಚಾರ್ಜ್ ಬೇಗ ಇಳಿಯುತ್ತದೆ, ಸಿನಿಮಾ ನೋಡುವಾಗಲೂ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ. ಆದರೆ ತುರ್ತಿಗೆ ಅಂತ ಇನ್ನೊಬ್ಬರ ಫೋನ್ ಆನ್ ಇರಬೇಕು. ಬಟ್ಟೆಯ ಗೋಡೆ ಸದ್ದು ತಡೆಯುವುದಿಲ್ಲ, ಟಿವಿ ಸದ್ದು ಪಕ್ಕದ ಟೆಂಟ್‌ಗೆ ಕೇಳದಷ್ಟು ಇರಲಿ.

ಈಗಾಗಲೇ ಬುಕ್ ಮಾಡಿದವರಿಗೆ ರೂಟರೇ ಬೇಕು ಅಂದರೆ, ಆ ಒಂದು ಸಲಕ್ಕೆ ಖಂಡಿತ ಕೊಡುತ್ತೇವೆ. ಕಿಟ್ ಒಯ್ಯುವ ಹಿಂದಿನ ದಿನ ಒಂದು ಮಾತು ತಿಳಿಸಿ. ಬುಕಿಂಗ್ ರದ್ದು ಮಾಡಿದರೂ ಪೂರ್ತಿ ಹಣ ವಾಪಸ್.

ಇಂತಿ,
ನಿಮ್ಮ ಟೆಂಟ್ ಬಾಡಿಗೆ ಸಹಕಾರಿಯ ಬಳಗ